ಮೂಲೆಯಲ್ಲಿ ನಿಂತಿದ್ದ ಹೊಸ ಗಾಡಿ

ನಾನು ಕೆಲಸ ಮಾಡುವುದು ಮೋಟಾರ್‌ಸೈಕಲ್ ಮಾರುವ ಶೋರೂಮಿನಲ್ಲಿ. ಹಾಗೆಂದ ಕೂಡಲೇ ಗಾಜಿನ ಬಾಗಿಲು, ತಣ್ಣನೆ ಗಾಳಿ, ಮಿರಮಿರ ಮಿಂಚುವ ನೆಲ ಎಂದೆಲ್ಲ ಅಂದುಕೊಳ್ಳಬೇಡಿ. ಅದು ಮುಂದುಗಡೆ. ನಾನಿರುವುದು ಹಿಂದುಗಡೆ, ವರ್ಕ್‌ಶಾಪಿಗೆ ಅಂಟಿಕೊಂಡ ಬಿಡಿಭಾಗಗಳ ಕೋಣೆಯಲ್ಲಿ. ಮೆಕ್ಯಾನಿಕ್ಕುಗಳು ಕಿಟಕಿಯಿಂದ ಕೈ ಚಾಚಿ ಕೇಳಿದ ಸಾಮಾನನ್ನು ಹುಡುಕಿ ಕೊಡುವುದು ನನ್ನ ಕೆಲಸ. ನಾಲ್ಕು ವರ್ಷದಿಂದ ಅದನ್ನೇ ಮಾಡುತ್ತಿದ್ದೆ. ನಾಲ್ಕು ವರ್ಷದಿಂದಲೂ ‘ತಾತ್ಕಾಲಿಕ’. ನಾಳೆಯಿಂದ ಬರಬೇಡಮ್ಮ ಎಂದರೆ ಚೀಲ ಎತ್ತಿಕೊಂಡು ಹೊರಡಬೇಕಾದವಳು.

ನನ್ನ ಕಿಟಕಿಯ ಎದುರಿಗೆ, ಗೋಡೆಯ ಮೂಲೆಯಲ್ಲಿ, ಒಂದು ಕಪ್ಪು ಗಾಡಿ ಎರಡೂವರೆ ವರ್ಷದಿಂದ ನಿಂತಿತ್ತು. ಅದು ಬಂದ ಮೂರೇ ತಿಂಗಳಿಗೆ ಕಂಪನಿಯವರು ದೀಪದ ಆಕಾರ ಬದಲಿಸಿ, ಟ್ಯಾಂಕಿಗೆ ಬೇರೆ ಬಣ್ಣ ಬಳಿದು ಹೊಸ ಮಾದರಿ ಬಿಟ್ಟರು. ಬಂದ ಗಿರಾಕಿಗಳೆಲ್ಲ ಇದನ್ನೊಮ್ಮೆ ನೋಡಿ, ಅದನ್ನೊಮ್ಮೆ ನೋಡಿ, ಅದನ್ನೇ ಒಯ್ದರು. ಮುಂದುಗಡೆ ನಿಂತಿದ್ದ ಗಾಡಿ ಹಿಂದುಗಡೆಗೆ ಬಂತು, ಹಿಂದುಗಡೆಯಿಂದ ಮೂಲೆಗೆ ಸರಿಯಿತು.

ಮೂಲೆಯಲ್ಲಿ ಅದು ಸುಮ್ಮನೆ ನಿಂತಿರಲಿಲ್ಲ. ನಮ್ಮಲ್ಲಿ ಒಂದು ಪದ್ಧತಿ ಇತ್ತು. ಯಾರದೋ ಹೊಸ ಗಾಡಿ ಕೊಡುವ ಹೊತ್ತಿಗೆ ಕನ್ನಡಿ ಬಿರುಕು ಬಿಟ್ಟಿರುತ್ತದೆ, ಇನ್ನಾರದೋ ಗಾಡಿಗೆ ಕ್ಲಚ್ ತಂತಿ ಬೇಕಾಗಿರುತ್ತದೆ, ಸಾಮಾನು ಬರಲು ನಾಲ್ಕು ದಿನ ಹಿಡಿಯುತ್ತದೆ. ಗಿರಾಕಿ ಎದುರಿಗೇ ಕೂತು ಕಾಲು ಅಲ್ಲಾಡಿಸುತ್ತಿರುತ್ತಾನೆ. ಆಗ ಮೇಸ್ತ್ರಿ ಮೂಲೆಯ ಕಡೆ ನೋಡುತ್ತಿದ್ದ. ಅಲ್ಲಿಂದ ಬಿಚ್ಚಿ ಇಲ್ಲಿಗೆ ಹಾಕಿ ಕಳಿಸುವುದು, ಸಾಮಾನು ಬಂದ ಮೇಲೆ ಮೂಲೆಯದಕ್ಕೆ ಮತ್ತೆ ಜೋಡಿಸುವುದು. ಮೆಕ್ಯಾನಿಕ್ಕುಗಳು ಅದಕ್ಕೆ ‘ದಾನಶೂರ’ ಎಂದು ಹೆಸರಿಟ್ಟಿದ್ದರು. ಬಿಚ್ಚಿದ್ದನ್ನೆಲ್ಲ ನೆನಪಿಟ್ಟು ವಾಪಸ್ ಹಾಕಿಸುವ ಹೊಣೆ ನನ್ನದು. ಹಾಕಿಸುತ್ತಲೂ ಇದ್ದೆ, ಒಂದನ್ನು ಬಿಟ್ಟು.

ಆ ಒಂದು ಯಾವುದು ಎಂದರೆ ಮುಂದಿನ ಬ್ರೇಕಿನ ಕ್ಯಾಲಿಪರ್. ಮುಂಚಕ್ರದ ಜೊತೆ ತಿರುಗುವ ಉಕ್ಕಿನ ತಟ್ಟೆಯನ್ನು ಎರಡೂ ಕಡೆಯಿಂದ ಅದುಮಿ ಹಿಡಿಯುವ ಮುಷ್ಟಿಗಾತ್ರದ ಡಬ್ಬಿ ಅದು. ಅದೇ ಮಾದರಿಯ ಗಾಡಿ ಒಯ್ದಿದ್ದ ಒಬ್ಬ ಮೇಷ್ಟ್ರು ಒಂದು ದಿನ ಬಂದು, ಬ್ರೇಕ್ ಹಿಡಿದರೆ ಬಿಡುವುದೇ ಇಲ್ಲ ಎಂದು ಕೂಗಾಡಿದರು. ದಾನಶೂರನದನ್ನು ಬಿಚ್ಚಿ ಅವರಿಗೆ ಹಾಕಿದೆವು. ಅವರ ಕೆಟ್ಟದ್ದನ್ನು, ಸದ್ಯಕ್ಕೆ ಇರಲಿ ಎಂದು, ದಾನಶೂರನಿಗೆ ಹಾಕಿದೆವು. ತಿಂಗಳ ಮೇಲೆ ಹೊಸ ಕ್ಯಾಲಿಪರ್ ಬಂದ ದಿನವೇ ಇನ್ನೊಬ್ಬ ಗಿರಾಕಿಗೆ ಅದು ಬೇಕಾಯಿತು. ಕೊಡಲಾ ಎಂದು ಮೇಸ್ತ್ರಿ ಕೇಳಿದ. ಕೊಡು, ಮೂಲೆಯಲ್ಲಿ ನಿಂತಿರುವುದಕ್ಕೆ ಬ್ರೇಕ್ ಯಾಕೆ ಎಂದು ನಾನೇ ಅಂದೆ, ಎಲ್ಲರೂ ನಕ್ಕರು.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಮ್ಯಾನೇಜರ್ ನಮ್ಮನ್ನೆಲ್ಲ ನಿಲ್ಲಿಸಿಕೊಂಡು, ತಿಂಗಳ ಕೊನೆಗೆ ಮೇಲಿನವರು ತಪಾಸಣೆಗೆ ಬರುತ್ತಾರೆ, ಅಷ್ಟರೊಳಗೆ ಆ ಮೂಲೆ ಖಾಲಿಯಾಗಬೇಕು ಎಂದರು. ಬೆಲೆಯಲ್ಲಿ ನಾಲ್ಕನೇ ಒಂದು ಭಾಗ ಬಿಡಲು ಒಪ್ಪಿದ್ದರು. ಎಲ್ಲರೂ ಹೋದ ಮೇಲೆ ನನ್ನ ಕಿಟಕಿಯ ಹತ್ತಿರ ನಿಂತು, ನೀನು ಗಿರಾಕಿ ತಂದರೆ ನಿನ್ನ ಖಾಯಂ ಕಾಗದವನ್ನು ನಾನೇ ಕೈಯಾರೆ ಕಳಿಸುತ್ತೇನೆ ಎಂದರು. ನನ್ನ ತಲೆಯಲ್ಲಿ ಬಂದ ಮೊದಲ ಮುಖ ನನ್ನ ತಮ್ಮನದು. ಬೇರೆ ಮುಖ ಯಾಕೆ ಬರಲಿಲ್ಲವೋ, ಅದನ್ನು ನಾನು ಇವತ್ತಿಗೂ ನನ್ನನ್ನೇ ಕೇಳಿಕೊಳ್ಳುತ್ತೇನೆ.

ಮನೆಯಲ್ಲಿ ನಾವು ನಾಲ್ವರು. ಅಮ್ಮ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಆಸ್ಪತ್ರೆಗೆ ಬೇಕಾದ ಹಸಿರು ನಿಲುವಂಗಿಗಳನ್ನು ಹೊಲಿಯುತ್ತಾಳೆ. ಅಮ್ಮನ ಅಪ್ಪ, ನಮ್ಮಜ್ಜ, ಮೂವತ್ತೊಂದು ವರ್ಷ ಬಸ್ಸು ಓಡಿಸಿ ಈಗ ಕಣ್ಣು ಮಂಜಾಗಿ ಕಿಟಕಿ ಪಕ್ಕ ಕೂತಿರುತ್ತಾರೆ. ತಮ್ಮ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವವನು. ಹಾಸಿಗೆ ಹಿಡಿದವರು, ವಯಸ್ಸಾದವರು ಲ್ಯಾಬಿಗೆ ಬರಲಾಗದಿದ್ದರೆ ಇವನೇ ಬೆಳಗ್ಗೆ ಬೆಳಗ್ಗೆ ಅವರ ಮನೆಗೆ ಹೋಗುತ್ತಾನೆ. ಅವನ ಕೈಯ ಬಗ್ಗೆ ಆ ಬೀದಿಗಳಲ್ಲಿ ದೊಡ್ಡ ಹೆಸರು. ಸೂಜಿ ಒಳಗೆ ಹೋದದ್ದೇ ಗೊತ್ತಾಗುವುದಿಲ್ಲ ಎನ್ನುತ್ತಿದ್ದರು. ಆ ಹುಡುಗನನ್ನೇ ಕಳಿಸಿ ಎಂದು ಫೋನ್ ಮಾಡಿ ಕೇಳುವ ಅಜ್ಜಿಯರಿದ್ದರು. ಬಸ್ಸಿನಲ್ಲಿ ಓಡಾಡಿದರೆ ದಿನಕ್ಕೆ ಐದು ಮನೆ; ಗಾಡಿಯಿದ್ದರೆ ಹನ್ನೆರಡು. ಅದಕ್ಕೇ ಎರಡು ವರ್ಷದಿಂದ ಕೂಡಿಡುತ್ತಿದ್ದ.

ಅವನ ಕಣ್ಣಿದ್ದದ್ದು ಹೊಸ ಮಾದರಿಯ ಕೆಂಪು ಗಾಡಿಯ ಮೇಲೆ. ಅದಕ್ಕೆ ಇನ್ನೂ ಒಂದು ವರ್ಷ ಕೂಡಿಡಬೇಕಿತ್ತು. ಒಂದು ಸಂಜೆ ಚಹಾ ಕುಡಿಯುತ್ತ ನಾನು ಮಾತು ತೆಗೆದೆ. ಇಂಜಿನ್ನು ಅದೇ, ಚಕ್ರ ಅದೇ, ಬದಲಾದದ್ದು ಬರೀ ಸ್ಟಿಕ್ಕರು ಎಂದೆ. ನಮ್ಮವರಿಗೆ ಎಂದು ಎತ್ತಿಟ್ಟ ಗಾಡಿ ಎಂದೂ ಸೇರಿಸಿದೆ. ಆ ಸುಳ್ಳು ಎಷ್ಟು ಸಲೀಸಾಗಿ ಬಂತು ಎಂದರೆ ನನಗೇ ನಂಬಿಕೆ ಬಂದುಬಿಟ್ಟಿತು. ಅಜ್ಜ ಕಿಟಕಿ ಪಕ್ಕದಿಂದ, ಎರಡೂವರೆ ವರ್ಷ ಯಾರೂ ಮೂಸದ ಗಾಡಿ ನಮ್ಮ ಮನೆಗೇ ಯಾಕೆ ಬರಬೇಕು ಎಂದರು. ನಿಮ್ಮನ್ನೂ ಯಾರೂ ಮೂಸುವುದಿಲ್ಲ, ಆದರೂ ನಾವು ಇಟ್ಟುಕೊಂಡಿಲ್ಲವೇ ಎಂದು ನಾನು ತಮಾಷೆ ಮಾಡಿದೆ. ಅಜ್ಜ ನಕ್ಕರು, ಮಾತು ಅಲ್ಲಿಗೆ ತೇಲಿಹೋಯಿತು.

ತಮ್ಮ ನನ್ನ ಮುಖವನ್ನೇ ನೋಡಿ ಕೇಳಿದ್ದು ಒಂದೇ ಮಾತು.

“ಹೊಸಾದು ತಾನೇ, ಅಕ್ಕ?”

“ಹೊಸಾದೇ ಕಣೋ. ಶೋರೂಮಿಂದ ಆಚೆ ಕಾಲಿಟ್ಟಿಲ್ಲ.”

ಇದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅಮ್ಮ ಯಂತ್ರಕ್ಕೆ ಮೋಟಾರು ಹಾಕಿಸಲು ಇಟ್ಟಿದ್ದ ಹಣವನ್ನು ತಂದು ಅವನ ಮುಂದಿಟ್ಟಳು. ಕಾಲಲ್ಲಿ ಶಕ್ತಿ ಇರುವವರೆಗೆ ತುಳಿಯುತ್ತೇನೆ, ನೀನು ಬಸ್ಸಿಗೆ ಕಾಯುವುದು ನಿಲ್ಲಲಿ ಎಂದಳು.

ಗಾಡಿ ಕೊಡುವ ಹಿಂದಿನ ದಿನ ನಾನು ಮೇಸ್ತ್ರಿಯ ಹತ್ತಿರ ಹೋಗಿ ಕ್ಯಾಲಿಪರ್ ನೆನಪಿಸಿದೆ. ಬ್ಯಾಟರಿ, ಟೈರು ಎಲ್ಲ ಹೊಸದು ಹಾಕಿಸಿದ್ದೆ, ಜಗಳ ಮಾಡಿಯೇ ಹಾಕಿಸಿದ್ದೆ. ಆದರೆ ಹಳೆಯ ಮಾದರಿಯ ಕ್ಯಾಲಿಪರ್ ಈಗ ದಾಸ್ತಾನಿನಲ್ಲಿ ಇರುವುದಿಲ್ಲ, ಬರೆದು ಕಳಿಸಿದರೆ ಬರಲು ನಾಲ್ಕೈದು ವಾರ ಬೇಕು. ತಪಾಸಣೆಗೆ ಉಳಿದದ್ದು ಎರಡು ದಿನ. ಮೇಸ್ತ್ರಿ ಕೆಟ್ಟವನಲ್ಲ. ಅದನ್ನು ಬಿಚ್ಚಿ, ತೊಳೆದು, ಗ್ರೀಸು ಹಚ್ಚಿ ಜೋಡಿಸಿದ. ಅಂಗಳದಲ್ಲಿ ಹತ್ತು ಸಲ ಓಡಿಸಿ ನಿಲ್ಲಿಸಿದ, ಹಿಡಿಯಿತು, ಬಿಟ್ಟಿತು.

“ಸದ್ಯಕ್ಕೆ ತೊಂದರೆ ಇಲ್ಲ. ಧೂಳು ಕೂತರೆ ಮತ್ತೆ ಹಿಡ್ಕೊಳ್ಳಬಹುದು. ಮುಂದಿನ ಬ್ರೇಕ್ ಮೆತ್ತಗೆ ಹಿಡಿ ಅಂತ ತಮ್ಮನಿಗೆ ಹೇಳಿಬಿಡು.”

“ಹೇಳ್ತೀನಿ,” ಎಂದೆ.

ಹೇಳಿದರೆ ಅವನು ಸಾಮಾನು ಬರುವವರೆಗೆ ಗಾಡಿ ಬೇಡ ಎನ್ನುತ್ತಿದ್ದ. ಸಾಮಾನು ಬರುವಷ್ಟರಲ್ಲಿ ತಪಾಸಣೆ ಮುಗಿದಿರುತ್ತಿತ್ತು. ಅವತ್ತೇ ಹೊಸ ಕ್ಯಾಲಿಪರಿಗೆ ಬರೆದು ಕಳಿಸಿದೆ, ತಮ್ಮನಿಗೆ ಮಾತ್ರ ಹೇಳಲಿಲ್ಲ.

ಗಾಡಿ ಮನೆಗೆ ಬಂದ ದಿನ ತಮ್ಮ ಊಟದ ನಡುವೆ ಮೂರು ಸಲ ಎದ್ದು ಹೊರಗೆ ಹೋಗಿ ನೋಡಿ ಬಂದ. ಅನ್ನ ಆರುತ್ತಿದೆಯೋ, ಅದೇನು ಓಡಿಹೋಗುತ್ತದೆಯೇ ಎಂದು ಅಮ್ಮ ಗದರಿದಳು. ಅಜ್ಜನನ್ನು ಕೈಹಿಡಿದು ಕರೆದುಕೊಂಡು ಹೋಗಿ ಗಾಡಿ ಮುಟ್ಟಿಸಿದ. ಅಜ್ಜ ಟ್ಯಾಂಕು ಸವರಿದರು, ಸೀಟು ಅದುಮಿದರು, ಕೆಳಗೆ ಕೂತು ಬೆರಳಿಂದ ನಟ್ಟು ಬೋಲ್ಟುಗಳನ್ನೆಲ್ಲ ಮುಟ್ಟುತ್ತ ಹೋದರು. ಎದ್ದವರು ನನ್ನನ್ನು ಮಾತ್ರ ಪಕ್ಕಕ್ಕೆ ಕರೆದು, ಹೊಸ ಗಾಡಿಯ ಬೋಲ್ಟಿನ ಮೂಲೆಗಳು ಯಾಕೆ ಸವೆದಿವೆ ಎಂದು ಕೇಳಿದರು. ಶೋರೂಮಿನಲ್ಲಿ ಜೋಡಿಸುವಾಗ ಪಾನಾ ಹಾಕಿ ತಿರುಗಿಸುತ್ತಾರೆ ಅಜ್ಜ ಎಂದೆ. ಹೂಂ ಎಂದರು.

ಮೂರು ವಾರ ನಮ್ಮ ಮನೆಯಲ್ಲಿ ಇದ್ದಷ್ಟು ಸಂತೋಷ ಯಾವತ್ತೂ ಇರಲಿಲ್ಲ. ತಮ್ಮ ರಕ್ತದ ಮಾದರಿಗಳ ಪೆಟ್ಟಿಗೆಯನ್ನು ಹಿಂದೆ ಕಟ್ಟಿಕೊಂಡು ಹದಿಮೂರು ಮನೆ ಮುಗಿಸಿ ಬರುತ್ತಿದ್ದ. ದಾರಿಯಲ್ಲಿ ಮೊಟ್ಟೆ, ಹಣ್ಣು, ಅಜ್ಜನಿಗೆ ಬಿಸ್ಕತ್ತು ತರುತ್ತಿದ್ದ. ಬೆಳಗ್ಗೆ ಮೊದಲ ಸುತ್ತು ಮುಗಿಸಿ ಬಂದು ನನ್ನನ್ನು ಕೆಲಸಕ್ಕೆ ಬಿಡುತ್ತಿದ್ದ. ನಾನು ಹಿಂದೆ ಕೂತು ದಾರಿಯುದ್ದಕ್ಕೂ ಅವನ ಬಲಗೈಯ ಬೆರಳುಗಳನ್ನೇ ನೋಡುತ್ತಿದ್ದೆ. ಅವು ಬ್ರೇಕಿನ ಮೇಲೆ ಬಿದ್ದಾಗಲೆಲ್ಲ ಸೀಟಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದೆ. ಶೋರೂಮಿಗೆ ಹೋದ ಕೂಡಲೇ ಆ ದಿನ ಬಂದ ಪೆಟ್ಟಿಗೆಗಳನ್ನೆಲ್ಲ ಒಡೆದು ನೋಡುತ್ತಿದ್ದೆ. ಕ್ಯಾಲಿಪರ್ ಬಂದಿರುತ್ತಿರಲಿಲ್ಲ.

ಮೂರನೇ ವಾರದ ಕೊನೆಗೆ ಒಂದು ಸಂಜೆ ಆಲೂಗಡ್ಡೆ ಹೆಚ್ಚುತ್ತ ಕೂತಿದ್ದೆ. ತಮ್ಮ ಕೈಕಾಲು ತೊಳೆದು ಬಂದು ಪಕ್ಕದಲ್ಲಿ ಕೂತ.

“ಅಕ್ಕ, ಮುಂದಿನ ಬ್ರೇಕ್ ಯಾಕೋ ಹಿಡ್ಕೊಂಡ ಹಾಗೆ ಆಗುತ್ತೆ. ಕೈ ಬಿಟ್ಟರೂ ಬಿಡಲ್ಲ.”

ಆಗಲಾದರೂ ಹೇಳಬಹುದಿತ್ತು. ಚಾಕು ಕೈಯಲ್ಲೇ ಇತ್ತು, ತಲೆ ಎತ್ತಲಿಲ್ಲ.

“ಬ್ರೇಕಿಗೆ ಏನೂ ಆಗಿಲ್ಲ. ನೀನು ಹಿಡಿಯೋದೇ ಜೋರು. ನಾನು ಹಿಂದೆ ಕೂತು ನೋಡ್ತೀನಲ್ಲ.”

“ಹೌದಾ?” ಎಂದು ತನ್ನ ಕೈಯನ್ನು ಮುಚ್ಚಿ ತೆರೆದು ನೋಡಿಕೊಂಡ. ಮಾರನೆಯ ದಿನದಿಂದ ಮೆತ್ತಗೆ ಹಿಡಿಯಲು ಅಭ್ಯಾಸ ಮಾಡಿದ. ಈಗ ಸರಿಯಾ, ಈಗ ಸರಿಯಾ ಎಂದು ನನ್ನನ್ನೇ ಕೇಳುತ್ತಿದ್ದ. ನಾನು ಸರಿ ಸರಿ ಎನ್ನುತ್ತಿದ್ದೆ. ಎಂಥ ಗಟ್ಟಿಗಿತ್ತಿ ನಾನು ನೋಡಿ.

ಅದಾಗಿ ಐದನೇ ದಿನ ಅಮ್ಮ ಹೊಲಿದು ಮುಗಿಸಿದ ನಿಲುವಂಗಿಗಳ ಗಂಟು ಹಿಡಿದು ಅವನ ಹಿಂದೆ ಕೂತು ಆಸ್ಪತ್ರೆಗೆ ಹೊರಟಳು. ತಿರುವಿನಲ್ಲಿ ಒಬ್ಬ ಸೈಕಲಿನವನು ಅಡ್ಡ ಬಂದ. ತಮ್ಮ ಬ್ರೇಕ್ ಹಿಡಿದ. ಮುಂದಿನ ಚಕ್ರ ಕಚ್ಚಿಕೊಂಡು ನಿಂತುಬಿಟ್ಟಿತು, ಗಾಡಿ ಮಗ್ಗುಲಾಗಿ ಬಿತ್ತು. ಅವನಿಗೆ ಮೊಣಕೈ ತರಚಿತು. ಅಮ್ಮ ಬಲಗೈ ಊರಿ ಬಿದ್ದಿದ್ದಳು. ಮಣಿಕಟ್ಟಿನ ಮೂಳೆ ಎರಡು ಕಡೆ ಮುರಿದಿತ್ತು. ಕಿಟಕಿಯಲ್ಲಿ ನಿಂತಿದ್ದ ನನಗೆ ಫೋನು ಬಂತು. ಎಲ್ಲಿ ಬಿದ್ದರು ಎಂದು ನಾನು ಕೇಳಲಿಲ್ಲ, ಯಾಕೆ ಬಿದ್ದರು ಎಂದು ಕೇಳುವ ಅಗತ್ಯವೂ ಇರಲಿಲ್ಲ. ಅಲ್ಲೇ ರಟ್ಟಿನ ಡಬ್ಬಗಳ ಮೇಲೆ ಕೂತುಬಿಟ್ಟೆ.

ಆರು ವಾರ ಪ್ಲಾಸ್ಟರ್ ಎಂದರು ಡಾಕ್ಟರು. ಯಂತ್ರದ ಸದ್ದಿಲ್ಲದೆ ಮನೆ ಬಿಕೋ ಎನ್ನುತ್ತಿತ್ತು. ಕತ್ತರಿಸಿಟ್ಟ ಹಸಿರು ಬಟ್ಟೆಗಳು ಮಂಚದ ಕೆಳಗೆ ಹಾಗೇ ಬಿದ್ದಿದ್ದವು. ನಾನು ಕೂತು ಹೊಲಿಯಲು ಹೋಗಿ ಎರಡು ತೋಳನ್ನೂ ಒಂದೇ ಕಡೆಗೆ ಜೋಡಿಸಿಟ್ಟೆ. ಅಮ್ಮ ಎಡಗೈಯಲ್ಲಿ ಚಮಚ ಹಿಡಿದು ಉಣ್ಣುವುದನ್ನು ಕಲಿಯುತ್ತಿದ್ದಳು. ಅರ್ಧ ತಟ್ಟೆಗೆ, ಅರ್ಧ ಮಡಿಲಿಗೆ. ಅವಳು ಯಾರನ್ನೂ ಬೈಯಲಿಲ್ಲ. ಬಿದ್ದೆವು, ಎದ್ದೆವು, ತಲೆಗೆ ಪೆಟ್ಟಾಗಲಿಲ್ಲವಲ್ಲ ಎನ್ನುತ್ತಿದ್ದಳು.

ತಮ್ಮ ತನ್ನನ್ನು ತಾನೇ ಬೈದುಕೊಳ್ಳುತ್ತಿದ್ದ. ಬೆಳಗ್ಗೆ ಎದ್ದು ಪಾತ್ರೆ ತೊಳೆದು, ನೆಲ ಒರೆಸಿ, ಅಮ್ಮನಿಗೆ ತಲೆ ಬಾಚಿ ಜಡೆ ಹೆಣೆಯುತ್ತಿದ್ದ. ಅವನಿಗೆ ಜಡೆ ಹೆಣೆಯಲು ಬರುತ್ತದೆ ಎಂದು ನಮಗ್ಯಾರಿಗೂ ಗೊತ್ತಿರಲಿಲ್ಲ. ಹೆಣೆಯುತ್ತ ದಿನಾ ಒಂದೇ ಮಾತು ಹೇಳುತ್ತಿದ್ದ.

“ತಪ್ಪಾಯ್ತಮ್ಮ. ಜೋರಾಗಿ ಹಿಡೀತೀಯ ಅಂತ ಅಕ್ಕ ಹೇಳಿದ್ಲು. ನಾನೇ ತಿದ್ಕೊಳ್ಳಲಿಲ್ಲ.”

ನಾನು ಬಾಗಿಲಲ್ಲಿ ಚಹಾ ಲೋಟ ಹಿಡಿದು ನಿಂತಿರುತ್ತಿದ್ದೆ.

ಅಜ್ಜನಿಗೆ ಮಗಳ ಕೈ ನೋಡಿ ಸಂಕಟ. ಮೂವತ್ತೊಂದು ವರ್ಷದಲ್ಲಿ ಒಬ್ಬ ಪ್ರಯಾಣಿಕನ ಚಪ್ಪಲಿಯೂ ಹರಿಯದ ಹಾಗೆ ಬಸ್ಸು ನಿಲ್ಲಿಸಿದವನು ನಾನು, ನನ್ನ ಮೊಮ್ಮಗನಿಗೆ ಹೆತ್ತ ತಾಯಿಯನ್ನು ಕೂರಿಸಿಕೊಂಡು ನಾಲ್ಕು ಬೀದಿ ಹೋಗಲು ಬರಲಿಲ್ಲ ಎಂದು ಉಣ್ಣುವಾಗ, ಏಳುವಾಗ ಅನ್ನುತ್ತಿದ್ದರು. ತಮ್ಮ ತಲೆ ತಗ್ಗಿಸಿಕೊಂಡು ಉಣ್ಣುತ್ತಿದ್ದ. ಗಾಡಿಗೆ ಹೊದಿಕೆ ಹೊದಿಸಿ ಮತ್ತೆ ಬಸ್ಸಿನಲ್ಲಿ ಹೋಗತೊಡಗಿದ.

ಬಿದ್ದ ಹನ್ನೊಂದನೇ ದಿನ ಕ್ಯಾಲಿಪರ್ ಬಂತು. ಅಂಗೈ ಅಗಲದ ಪೆಟ್ಟಿಗೆ. ಅದನ್ನು ಕೈಯಲ್ಲಿ ಹಿಡಿದುಕೊಂಡು ಎಷ್ಟು ಹೊತ್ತು ನಿಂತಿದ್ದೆನೋ, ಕಿಟಕಿಯಲ್ಲಿ ಮೂವರು ಸಾಲಾಗಿ ನಿಂತು ಕೂಗುತ್ತಿದ್ದರು. ಏನು ಮಾಡಬೇಕು ಎಂದು ನನಗೆ ಗೊತ್ತಿತ್ತು: ಅದನ್ನು ಹಾಗೇ ಮನೆಗೆ ಒಯ್ದು ತಮ್ಮನ ಕೈಗೆ ಕೊಟ್ಟು ಇದ್ದದ್ದನ್ನು ಹೇಳಬೇಕಿತ್ತು. ಮಾಡಿದ್ದು ಬೇರೆ. ಗಾಡಿಗೆ ಬಿದ್ದ ಪೆಟ್ಟು ನೋಡಿಸಬೇಕು ಎಂದು ಮನೆಯಲ್ಲಿ ಹೇಳಿ, ಒಬ್ಬ ಮೆಕ್ಯಾನಿಕ್ಕನ್ನು ಕಳಿಸಿ ಗಾಡಿ ತರಿಸಿದೆ. ಇಪ್ಪತ್ತು ನಿಮಿಷದ ಕೆಲಸ. ಹಳೆಯದನ್ನು ಗುಜರಿ ಡ್ರಮ್ಮಿಗೆ ಹಾಕಿದರು. ಮೇಸ್ತ್ರಿ ಕೈ ಒರೆಸಿಕೊಳ್ಳುತ್ತ, ತಮ್ಮನಿಗೆ ಹೇಳಿದ್ದೀಯ ತಾನೇ ಎಂದು ಕೇಳಿದ. ನಾನು ಸಾಮಾನು ಹುಡುಕುವವಳ ಹಾಗೆ ಕಪಾಟಿನ ಕಡೆ ತಿರುಗಿದೆ.

ಇನ್ನು ಯಾರಿಗೂ ಏನೂ ಆಗುವುದಿಲ್ಲ, ಎಲ್ಲ ಸರಿಹೋಯಿತು ಎಂದು ಎಷ್ಟೋ ದಿನದ ಮೇಲೆ ಅವತ್ತು ಹೊಟ್ಟೆ ತುಂಬ ಉಂಡೆ. ಭಾನುವಾರ ಅಮ್ಮ ತಮ್ಮನನ್ನು ಬಲವಂತ ಮಾಡಿ, ಒಂದು ಸುತ್ತು ಹೋಗಿ ಬಾ, ಹೆದರಿಕೆ ಬಿಡಲಿ ಎಂದಳು. ಅವನು ಬೀದಿಯ ಕೊನೆಯವರೆಗೆ ಹೋಗಿ ಬಂದ. ಮತ್ತೆ ಹೋದ. ಬೇಕೆಂದೇ ಬ್ರೇಕ್ ಹಿಡಿದು ನಿಲ್ಲಿಸಿ ನೋಡಿದ, ಐದಾರು ಸಲ. ಆಮೇಲೆ ಗಾಡಿ ನಿಲ್ಲಿಸಿ ಒಳಗೆ ಬಂದ. ಮುಖ ಸುಣ್ಣದ ಹಾಗಿತ್ತು.

“ಬ್ರೇಕಿಗೆ ಏನೂ ಆಗಿಲ್ಲಮ್ಮ. ಎಷ್ಟು ಜೋರಾಗಿ ಹಿಡಿದರೂ ಕೈ ಬಿಟ್ಟ ತಕ್ಷಣ ಬಿಡುತ್ತೆ. ನಾನೇ ಸರಿ ಇಲ್ಲ.”

ಬ್ರೇಕು ಕೆಟ್ಟಿದ್ದವರೆಗೆ ಅವನಿಗೆ ಒಂದು ಸಂಶಯವಾದರೂ ಉಳಿದಿತ್ತು. ನಾನು ಸರಿಮಾಡಿಸಿ ಅದನ್ನೂ ಕಿತ್ತುಕೊಂಡಿದ್ದೆ.

ಮುಂದಿನ ವಾರ ಅವನು ಒಬ್ಬ ಅಜ್ಜಿಯ ಮನೆಯಲ್ಲಿ ಎರಡು ಸಲ ಚುಚ್ಚಿದರೂ ನರ ಸಿಗಲಿಲ್ಲ. ಮಾರನೆಯ ದಿನ ಇನ್ನೊಂದು ಮನೆಯಲ್ಲಿ ಮೂರು ಸಲ. ಆ ಮನೆಯವರು ಲ್ಯಾಬಿಗೆ ಫೋನು ಮಾಡಿ ಬೈದರು. ಆರು ವರ್ಷದಲ್ಲಿ ಅವನ ಮೇಲೆ ಬಂದ ಮೊದಲ ದೂರು ಅದು. ಕೈ ನಡುಗುತ್ತದೆ ಎಂದು ಅಮ್ಮನ ಹತ್ತಿರ ಹೇಳಿಕೊಂಡನಂತೆ. ಎಲ್ಲಿ ಎಷ್ಟು ಹಿಡಿಯಬೇಕು ಎಂಬ ಅಳತೆಯೇ ನನ್ನ ಕೈಗಿಲ್ಲ, ಇಷ್ಟು ದಿನ ಅದೃಷ್ಟದಿಂದ ನಡೆದಿತ್ತು ಎಂದನಂತೆ. ಶುಕ್ರವಾರ ಲ್ಯಾಬಿನಲ್ಲಿ, ನನ್ನನ್ನು ಒಳಗಿನ ಮೇಜಿಗೆ ಹಾಕಿ, ಸೀಸೆಗಳಿಗೆ ಚೀಟಿ ಅಂಟಿಸುವ ಕೆಲಸ ಕೊಡಿ ಎಂದು ಅರ್ಜಿ ಬರೆದುಕೊಟ್ಟು ಬಂದ. ಸೋಮವಾರದಿಂದ ಅಲ್ಲೇ. ಸಂಬಳ ಮೂರನೇ ಒಂದು ಭಾಗ ಕಡಿಮೆ. ಸೂಜಿಗಳನ್ನು ಇಟ್ಟುಕೊಳ್ಳುತ್ತಿದ್ದ ಚೀಲವನ್ನು ಲ್ಯಾಬಿಗೇ ವಾಪಸ್ ಕೊಟ್ಟಿದ್ದ.

ಅದೇ ಶುಕ್ರವಾರ ಮ್ಯಾನೇಜರ್ ನನಗೆ ಕಾಗದ ಕೊಟ್ಟರು. ನಾನು ಖಾಯಂ ಆಗಿದ್ದೆ. ಕಿಟಕಿಯ ಆಚೆ ನಿಂತು ಮೆಕ್ಯಾನಿಕ್ಕುಗಳೆಲ್ಲ ಚಪ್ಪಾಳೆ ತಟ್ಟಿದರು, ಮೂಲೆ ಖಾಲಿಯಿತ್ತು. ಮನೆಗೆ ಬಂದು ಕಾಗದವನ್ನು ಬಟ್ಟೆಗಳ ಅಡಿಯಲ್ಲಿಟ್ಟೆ. ಯಾರಿಗೂ ಹೇಳಲಿಲ್ಲ. ಹೇಳುವ ಮುಖವಾದರೂ ಎಲ್ಲಿತ್ತು.

ಆ ವಾರವೆಲ್ಲ ಅಜ್ಜನ ಬೈಗುಳ ಇನ್ನೂ ಜೋರಾಗಿತ್ತು. ಮೊದಲು ಸಂಕಟಕ್ಕೆ ಅನ್ನುತ್ತಿದ್ದವರು ಈಗ ಹುಡುಕಿ ಹುಡುಕಿ ಅನ್ನುತ್ತಿದ್ದರು, ಅದೂ ನಾನಿರುವ ಹೊತ್ತು ನೋಡಿಯೇ. ನಾನು ತಟ್ಟೆ ತೊಳೆಯಲು ಎದ್ದರೆ ನಿಲ್ಲಿಸಿ, ಬಂದು ಕೂತರೆ ಮತ್ತೆ ಶುರುಮಾಡುತ್ತಿದ್ದರು. ಅಪ್ಪಾ, ಸಾಕು, ಅವನು ಸೊರಗಿಹೋಗಿದ್ದಾನೆ ಎಂದು ಅಮ್ಮ ಬೇಡಿಕೊಂಡಳು. ಅಜ್ಜ ಕೇಳಲಿಲ್ಲ. ಬಡಪಾಯಿಯನ್ನು ಯಾಕೆ ಹೀಗೆ ಹಿಂಸಿಸುತ್ತೀರಿ ಎಂದು ನಾನೂ ಒಂದು ದಿನ ಸಿಡುಕಿದೆ. ಅಜ್ಜ ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿದರು.

ಶನಿವಾರ ಮಧ್ಯಾಹ್ನ ಅಮ್ಮನನ್ನು ಕರೆದುಕೊಂಡು ತಮ್ಮ ಡಾಕ್ಟರ ಹತ್ತಿರ ಹೋಗಿದ್ದ, ಬಸ್ಸಿನಲ್ಲಿ. ನಾನು ಯಂತ್ರದ ಮುಂದೆ ಕೂತು ತಪ್ಪಾಗಿ ಜೋಡಿಸಿದ್ದ ತೋಳು ಬಿಚ್ಚುತ್ತಿದ್ದೆ. ಅಜ್ಜ ಗೋಡೆ ಹಿಡಿದುಕೊಂಡು ಬಂದು ಎದುರಿನ ಸ್ಟೂಲಿನಲ್ಲಿ ಕೂತರು.

“ಗಾಡಿ ಮೈಯೆಲ್ಲ ಧೂಳು, ಗೀರು. ಬ್ರೇಕಿನ ಡಬ್ಬಿ ಒಂದೇ ಹೊಸಾದು. ಭಾನುವಾರ ಮುಟ್ಟಿ ನೋಡಿದೆ.”

ನಾನು ಸೂಜಿಯ ಕೆಳಗಿದ್ದ ಬಟ್ಟೆಯನ್ನು ಎಳೆದೆ, ದಾರ ತುಂಡಾಯಿತು.

“ಅದಾದ ಮೇಲೂ ಅವನಿಗೆ ದಿನಾ ಬೈದೆ. ಯಾಕೆ ಗೊತ್ತಾ? ನಿನಗೆ ತಡೆಯೋಕಾಗದೆ ಬಾಯಿ ಬಿಡ್ತೀಯ ಅಂತ. ಆರು ದಿನ ಕಾದೆ.” ಅಜ್ಜ ಮೊಣಕಾಲಿಗೆ ಕೈ ಊರಿ ಮುಂದೆ ಬಾಗಿದರು. “ನೀನು ತಡ್ಕೊಂಡೆ.”

ನಾನು ಅತ್ತೆ. ಅಜ್ಜ ಸಮಾಧಾನ ಮಾಡಲಿಲ್ಲ. ಹೇಳಿದರೆ ತಮ್ಮ ನನ್ನ ಮುಖ ನೋಡುವುದಿಲ್ಲ ಅಜ್ಜ ಎಂದೆ. ನೋಡದಿರಬಹುದು ಎಂದರು. ನೀವೇ ಹೇಳಿಬಿಡಿ ಎಂದೆ. ನನ್ನ ಬಾಯಿಂದ ಬಂದರೆ ಮುದುಕ ಸಮಾಧಾನಕ್ಕೆ ಹೇಳುತ್ತಾನೆ ಅಂದುಕೊಳ್ಳುತ್ತಾನೆ, ನಿನ್ನ ಬಾಯಿಂದಲೇ ಬರಬೇಕು, ಅವನಿಗೆ ತನ್ನ ಕೈಯ ಮೇಲಿದ್ದ ನಂಬಿಕೆ ಹೋದದ್ದು ನಿನ್ನ ಮಾತಿನಿಂದ ಎಂದು ಎದ್ದು ಹೋದರು.

ಅವತ್ತು ಸಂಜೆ ನಾಲ್ವರೂ ಊಟಕ್ಕೆ ಕೂತೆವು. ಅನ್ನ, ಬೇಳೆ, ಬೇಯಿಸಿದ ಮೊಟ್ಟೆ. ತಮ್ಮ ಅಮ್ಮನ ತಟ್ಟೆಯಲ್ಲಿದ್ದ ಮೊಟ್ಟೆಯನ್ನು ಚಮಚದಿಂದ ಸಣ್ಣದಾಗಿ ತುಂಡು ಮಾಡುತ್ತಿದ್ದ. ಅಜ್ಜ ಆ ದಿನ ಅವನಿಗೆ ಒಂದು ಮಾತೂ ಅನ್ನಲಿಲ್ಲ. ಅದನ್ನು ನೋಡಿ ಅವನಿಗೇ ಗಾಬರಿ, ಮೈ ಹುಷಾರಿಲ್ಲವಾ ಅಜ್ಜ ಎಂದು ಕೇಳಿದ.

ನಾನು ಕೈ ತೊಳೆದುಕೊಂಡು ಬಂದು ನಿಂತೇ ಹೇಳಿದೆ. ಮೂಲೆಯಲ್ಲಿ ನಿಂತಿದ್ದ ಗಾಡಿಯಿಂದ ಏನೇನು ಬಿಚ್ಚುತ್ತಿದ್ದೆವು ಎಂಬುದರಿಂದ ಶುರುಮಾಡಿ, ಮೇಷ್ಟ್ರ ಕೆಟ್ಟ ಕ್ಯಾಲಿಪರ್, ಮೇಸ್ತ್ರಿ ಹೇಳು ಎಂದದ್ದು, ನಾನು ಹೇಳದೇ ಇದ್ದದ್ದು, ಆಲೂಗಡ್ಡೆ ಹೆಚ್ಚುತ್ತ ಆಡಿದ ಮಾತು, ಬಿದ್ದ ಮೇಲೆ ಕದ್ದು ಬದಲಾಯಿಸಿದ್ದು, ಕೊನೆಗೆ ಬಟ್ಟೆಯ ಕೆಳಗಿಟ್ಟ ಕಾಗದ, ಒಂದನ್ನೂ ಬಿಡಲಿಲ್ಲ. ನಿಮಗೆಲ್ಲ ಒಳ್ಳೆಯದಾಗಲಿ ಎಂದೇ ಮಾಡಿದೆ ಎಂದು ಹೇಳಬೇಕು ಅಂದುಕೊಂಡಿದ್ದೆ. ಬಾಯಿಗೆ ಬಂತು, ನುಂಗಿಕೊಂಡೆ.

ಅಮ್ಮ ಚಮಚ ಕೆಳಗಿಟ್ಟಳು.

“ಕೈ ಹೋಗ್ಲಿ ಬಿಡು, ಮೂಳೆ ಕೂಡಿಕೊಳ್ಳುತ್ತೆ. ದಿನಾ ನನ್ನ ತಲೆ ಬಾಚ್ತಾ ತಪ್ಪಾಯ್ತಮ್ಮ ಅಂತಿದ್ದ. ನೀನು ಅಲ್ಲೇ ಬಾಗಿಲಲ್ಲಿ ನಿಂತು ಕೇಳಿಸ್ಕೊಳ್ತಿದ್ದೆ.”

ಅಮ್ಮ ಮುಖ ತಿರುಗಿಸಿಕೊಂಡಳು. ತಮ್ಮ ಮಾತ್ರ ಕದಲದೆ ಕೂತಿದ್ದ. ಈಗ ಬೈಯುತ್ತಾನೆ, ತಟ್ಟೆ ಎಸೆಯುತ್ತಾನೆ, ಕಪಾಳಕ್ಕೆ ಬಾರಿಸಿದರೂ ಬಾರಿಸಲಿ ಎಂದು ಕಾದೆ. ಅವನು ತಲೆ ಎತ್ತಿದಾಗ ಕಣ್ಣಲ್ಲಿ ಸಿಟ್ಟಿರಲಿಲ್ಲ. ಪರೀಕ್ಷೆಯ ಫಲಿತಾಂಶ ಕೇಳುವ ಹುಡುಗನ ಹಾಗೆ ನನ್ನನ್ನು ನೋಡಿದ.

“ಹಾಗಾದ್ರೆ ನಾನು ಹಿಡಿದಿದ್ದು ಸರಿಯಾಗಿತ್ತಾ, ಅಕ್ಕ?”

“ಸರಿಯಾಗಿತ್ತು.”

“ಜೋರಾಗಿರಲಿಲ್ಲ?”

“ಇರಲಿಲ್ಲ. ಯಾವತ್ತೂ ಇರಲಿಲ್ಲ. ನಿನ್ನ ಕೈಗೆ ಏನೂ ಆಗಿಲ್ಲ ಕಣೋ.”

ಅವನು ಬಲಗೈಯನ್ನು ಮುಂದೆ ಚಾಚಿ ಬೆರಳು ಬಿಡಿಸಿ ನೋಡಿಕೊಂಡ. ನಡುಗುತ್ತಿತ್ತು. ಎಡಗೈಯಿಂದ ಅದನ್ನು ಹಿಡಿದುಕೊಂಡು, ಬಿಟ್ಟು, ಮತ್ತೆ ನೋಡಿದ. ಎರಡು ಕಣ್ಣಿಂದಲೂ ನೀರು ಇಳಿದು ತಟ್ಟೆಗೆ ಬೀಳುತ್ತಿತ್ತು.

“ಇನ್ನೊಂದ್ಸಲ ಹೇಳು,” ಎಂದ.

ಹೇಳಿದೆ. ಅವನು ಮತ್ತೆ ಕೇಳಿದ, ನಾನು ಮತ್ತೆ ಹೇಳಿದೆ.